ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ?

(ಶಾಲೆಯ ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹರೂಪ)



ವಿದೇಶದಲ್ಲಿ ಕೆಲಸ ಮಾಡುವ ತಾಯಿಯ ಸಂಸಾರದ ಬಗ್ಗೆ ನಾಲ್ಕು ಮಾತು ಆಡಿ ಎಂದು ಸಮಿತಿಯವರು ಹೇಳಿದ್ದಾರೆ. ನಾನು ಊರಿಗೆ ಬಂದು ಒಂದು ವಾರವಾಯಿತು. ಈ ಒಂದು ವಾರದಲ್ಲಿ ಬಸ್ ಸ್ಟ್ಯಾಂಡಿನಲ್ಲಿ, ಡೇರಿಯ ಹತ್ತಿರ, ಮಾರಿಗುಡಿಯ ಮುಂದೆ ಸಿಕ್ಕವರೆಲ್ಲ ಪ್ರೀತಿಯಿಂದ ಮಾತನಾಡಿಸಿದ್ದಾರೆ. ಎಲ್ಲರೂ ಕೇಳಿದ್ದು ಮೂರೇ ಪ್ರಶ್ನೆ. ಸಂಬಳ ಎಷ್ಟು? ಅಲ್ಲಿ ಚಳಿ ಎಷ್ಟು? ನೀನು ಕೆಲಸಕ್ಕೆ ಹೋದರೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ನನ್ನ ಯಜಮಾನರೂ ನನ್ನ ಜೊತೆಯಲ್ಲೇ ಬಂದಿದ್ದಾರೆ. ಅವರೂ ಸಾಫ್ಟ್‌ವೇರ್ ಕೆಲಸದವರೇ, ಅದೇ ಮಕ್ಕಳ ತಂದೆಯೇ. ಅವರಿಗೆ ಮೊದಲ ಎರಡು ಪ್ರಶ್ನೆ ಬಂದಿವೆ. ಮೂರನೆಯದನ್ನು ಇಲ್ಲಿಯವರೆಗೆ ಯಾರೂ ಕೇಳಿಲ್ಲ!

ನೀವು ನಗುತ್ತಿದ್ದೀರಿ, ನಾವೂ ಮನೆಯಲ್ಲಿ ನಕ್ಕೆವು. ಆದರೂ ಆ ಪ್ರಶ್ನೆ ಒಳ್ಳೆಯ ಪ್ರಶ್ನೆ. ಅದಕ್ಕೆ ರಸ್ತೆಯಲ್ಲಿ ನಿಂತು ಒಂದು ಮಾತಿನಲ್ಲಿ ಉತ್ತರ ಕೊಡಲು ಆಗಲಿಲ್ಲ. ಇವತ್ತು ಮೈಕು ಸಿಕ್ಕಿದೆ, ಪೂರ್ತಿ ಉತ್ತರ ಕೊಡುತ್ತೇನೆ.

ಮೊದಲು ನನ್ನ ಪರಿಚಯ ಇಲ್ಲದ ಮಕ್ಕಳಿಗಾಗಿ ಒಂದೆರಡು ಮಾತು. ನಾನು ಈ ಶಾಲೆಯಲ್ಲಿ 2003ರಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿದವಳು. ಆಗ ಹುಡುಗಿಯರಿಗೆ ಸೈಕಲ್ ಕೊಡುವ ಯೋಜನೆ ಇನ್ನೂ ಬಂದಿರಲಿಲ್ಲ, ಮೂರು ಕಿಲೋಮೀಟರ್ ನಡೆದೇ ಬರುತ್ತಿದ್ದೆವು. ನಮ್ಮ ಗಣಿತದ ಮೇಷ್ಟ್ರು ಮನೆಗೆ ಬಂದು ಅಪ್ಪನಿಗೆ ಹೇಳದೇ ಹೋಗಿದ್ದರೆ ನಾನು ಪಿಯುಸಿಗೆ ವಿಜ್ಞಾನ ತೆಗೆದುಕೊಳ್ಳುತ್ತಿರಲಿಲ್ಲ. ಮೈಸೂರಿನಲ್ಲಿ ಬಿಇ ಮುಗಿಸಿ, ಬೆಂಗಳೂರಿನಲ್ಲಿ ಐದು ವರ್ಷ ದುಡಿದು, 2014ರಲ್ಲಿ ಜರ್ಮನಿಯ ಮ್ಯೂನಿಕ್ ನಗರಕ್ಕೆ ಹೋದೆ. ಕಾರಿನ ಒಳಗೆ ಸಣ್ಣ ಸಣ್ಣ ಕಂಪ್ಯೂಟರ್‌ಗಳಿರುತ್ತವಲ್ಲ, ಅವುಗಳಿಗೆ ಪ್ರೋಗ್ರಾಂ ಬರೆಯುವುದು ನನ್ನ ಕೆಲಸ. ನಮಗೆ ಇಬ್ಬರು ಮಕ್ಕಳು. ಮಗಳು 2017ರಲ್ಲಿ, ಮಗ 2021ರಲ್ಲಿ ಹುಟ್ಟಿದವರು.

ಈಗ ಉತ್ತರಕ್ಕೆ ಬರುತ್ತೇನೆ. ನಮ್ಮ ಮಕ್ಕಳನ್ನು ಮೊದಲಿಗೆ ನೋಡಿಕೊಂಡದ್ದು ಅಲ್ಲಿನ ಕಾನೂನು. ಜರ್ಮನಿಯಲ್ಲಿ ಹೆರಿಗೆಗೆ ಮೊದಲು 6 ವಾರ, ಹೆರಿಗೆಯ ನಂತರ 8 ವಾರ ತಾಯಿಗೆ ಪೂರ್ತಿ ಸಂಬಳದ ರಜೆ ಇದೆ. ಅದಾದ ಮೇಲೆ ತಾಯಿ ತಂದೆ ಇಬ್ಬರಿಗೂ ಮಗುವಿಗಾಗಿ ಮೂರು ವರ್ಷದವರೆಗೆ ರಜೆ ಕೇಳುವ ಹಕ್ಕಿದೆ. ಅಷ್ಟೂ ಕಾಲ ದುಡ್ಡು ಬರುವುದಿಲ್ಲ, ಕೆಲಸ ಮಾತ್ರ ಉಳಿದಿರುತ್ತದೆ. ದುಡ್ಡಿಗೆ ಬೇರೆ ವ್ಯವಸ್ಥೆ. 2007ರಿಂದ ಸರ್ಕಾರವೇ ಪೋಷಕರ ಭತ್ಯೆ ಕೊಡುತ್ತಿದೆ. ಕೈಗೆ ಬರುತ್ತಿದ್ದ ಸಂಬಳದಲ್ಲಿ ಸುಮಾರು ಮೂರರಲ್ಲಿ ಎರಡು ಭಾಗ, ಹೆಚ್ಚೆಂದರೆ ತಿಂಗಳಿಗೆ 1,800 ಯೂರೋ. ಇದರಲ್ಲಿ ಒಂದು ಜಾಣತನವಿದೆ. ತಂದೆ ತಾಯಿಗಳಲ್ಲಿ ಒಬ್ಬರೇ ರಜೆ ಹಾಕಿದರೆ 12 ತಿಂಗಳು. ಇನ್ನೊಬ್ಬರೂ ಕನಿಷ್ಠ ಎರಡು ತಿಂಗಳು ಮಗುವನ್ನು ನೋಡಿಕೊಂಡರೆ ಒಟ್ಟು 14 ತಿಂಗಳು. ಅಪ್ಪ ಮನೆಯಲ್ಲಿ ಕೂರದಿದ್ದರೆ ಆ ಎರಡು ತಿಂಗಳ ದುಡ್ಡು ಹೋಯಿತು ಎಂದೇ ಅರ್ಥ. ಬುದ್ಧಿ ಹೇಳಿದರೆ ಕೇಳದ ಗಂಡಸು ಲೆಕ್ಕ ಹೇಳಿದರೆ ಕೇಳುತ್ತಾನೆ ಎಂದು ಆ ಕಾನೂನು ಮಾಡಿದವರಿಗೆ ಗೊತ್ತಿರಬೇಕು.

ನಮ್ಮ ದೇಶದಲ್ಲಿ ಏನೂ ಇಲ್ಲ ಎಂದು ದಯವಿಟ್ಟು ತಿಳಿಯಬೇಡಿ. 2017ರ ತಿದ್ದುಪಡಿಯ ನಂತರ ನಮ್ಮ ಹೆರಿಗೆ ರಜೆ 12 ವಾರದಿಂದ 26 ವಾರಕ್ಕೆ ಏರಿತು. 50 ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಕಡೆ ಶಿಶುಪಾಲನಾ ಕೇಂದ್ರ ಇರಬೇಕು ಎಂದೂ ಅದೇ ಕಾನೂನು ಹೇಳುತ್ತದೆ. ತಾಯಿಯ ಸಂಬಳದ ರಜೆಯನ್ನಷ್ಟೇ ನೋಡಿದರೆ ನಾವು ಅವರಿಗಿಂತ ಹಿಂದಿಲ್ಲ. ವ್ಯತ್ಯಾಸ ಇರುವುದು ಎರಡು ಕಡೆ. ನಮ್ಮ ಕಾನೂನು ಗದ್ದೆಯಲ್ಲಿ ನಾಟಿ ಮಾಡುವ, ಕೂಲಿಗೆ ಹೋಗುವ ತಾಯಿಯನ್ನು ಮುಟ್ಟುವುದಿಲ್ಲ. ಇನ್ನೊಂದು, ಅಪ್ಪನಿಗೆ ಅದರಲ್ಲಿ ಜಾಗವೇ ಇಲ್ಲ. ಕೇಂದ್ರ ಸರ್ಕಾರದ ನೌಕರನಾದರೆ 15 ದಿನದ ಪಿತೃತ್ವ ರಜೆ ಉಂಟು. ಖಾಸಗಿಯವನಿಗೆ ಅದು ಮಾಲೀಕರ ಮನಸ್ಸು.

ಎರಡನೆಯ ಉತ್ತರ, ನಮ್ಮ ಯಜಮಾನರು. ಮಗಳು ಹುಟ್ಟಿದಾಗ ನಾನು ಹತ್ತು ತಿಂಗಳು, ಅವರು ನಾಲ್ಕು ತಿಂಗಳು ರಜೆ ತೆಗೆದುಕೊಂಡೆವು. ಮಗನ ಕಾಲಕ್ಕೆ ಏಳು, ಏಳು. ಈ ಸುದ್ದಿ ಆಗ ಊರಿಗೆ ಬಂದು ಮುಟ್ಟಿತು. ‘ಅಳಿಯಂದಿರ ಕೆಲಸ ಹೋಯಿತಂತೆ’ ಎಂದು ನಮ್ಮ ಅವ್ವನ ಹತ್ತಿರ ಇಬ್ಬರು ಮೂವರು ಕನಿಕರ ತೋರಿಸಿ ಹೋದರಂತೆ. ರಜೆ ಎಂದು ಅವ್ವ ಎಷ್ಟು ಹೇಳಿದರೂ ನಂಬಲಿಲ್ಲವಂತೆ.

ಮಗ ಹುಟ್ಟಿದ್ದು ಕೊರೊನಾದ ಎರಡನೆಯ ಅಲೆಯಲ್ಲಿ, 2021ರ ಮೇ ತಿಂಗಳಲ್ಲಿ. ಬಾಣಂತನಕ್ಕೆ ಅವ್ವ ಬರುವುದೆಂದು ಆಗಿತ್ತು. ಆದರೆ ಏಪ್ರಿಲ್ ಕೊನೆಯಲ್ಲಿ ಜರ್ಮನಿ ಭಾರತದಿಂದ ಬರುವವರಿಗೆ ಬಾಗಿಲು ಹಾಕಿತು. ಅಲ್ಲಿನ ನಿವಾಸಿಗಳನ್ನು ಬಿಟ್ಟರೆ ಹೆಚ್ಚು ಕಡಿಮೆ ಯಾರೂ ಹೋಗುವಂತಿರಲಿಲ್ಲ. ಅವ್ವ ಹುರಿದು ಪುಡಿ ಮಾಡಿ ಡಬ್ಬಿ ಕಟ್ಟಿದ್ದ ಬಾಣಂತಿ ಖಾರ ಇಲ್ಲೇ ಉಳಿಯಿತು. ಆಗ ಬಾಣಂತನ ಮಾಡಿದವರು ಇಬ್ಬರು, ಗಂಡ ಮತ್ತು ಸೂಲಗಿತ್ತಿ.

ಸೂಲಗಿತ್ತಿ ಎಂದಾಗ ನಮ್ಮ ಹಿರಿಯರಿಗೆ ಪದ್ಮಶ್ರೀ ಸೂಲಗಿತ್ತಿ ನರಸಮ್ಮನವರು ನೆನಪಾಗುತ್ತಾರೆ. ಜರ್ಮನಿಯಲ್ಲಿ ಸೂಲಗಿತ್ತಿಯರು ಇಂದಿಗೂ ಇದ್ದಾರೆ, ಓದಿ, ತರಬೇತಿ ಪಡೆದು, ಸರ್ಕಾರದ ಮಾನ್ಯತೆ ಪಡೆದವರು. ಹೆರಿಗೆಯಾದ ಮೊದಲ ಹತ್ತು ದಿನ ದಿನಾ ಮನೆಗೆ ಬರುತ್ತಾರೆ. ಆಮೇಲೂ ಹನ್ನೆರಡು ವಾರದವರೆಗೆ ಬಂದು ಹೋಗುತ್ತಾರೆ. ಖರ್ಚು ಆರೋಗ್ಯ ವಿಮೆಯದು. ನಮ್ಮ ಮನೆಗೆ ಬಂದಾಕೆಗೂ ಫೋನಿನ ಪರದೆಯೊಳಗಿದ್ದ ನಮ್ಮ ಅವ್ವನಿಗೂ ದಿನಾ ಜಗಳ, ಇಬ್ಬರಿಗೂ ನಾನೇ ದುಭಾಷಿ. ಅವ್ವ ಮಗುವಿಗೆ ದಿನಾ ಎಣ್ಣೆ ತಿಕ್ಕಿ ನೀರು ಹಾಕು ಎನ್ನುವುದು, ಆಕೆ ವಾರಕ್ಕೆ ಎರಡು ಸಲ ಸಾಕು ಎನ್ನುವುದು. ಅವ್ವ ಸಾಂಬ್ರಾಣಿ ಹೊಗೆ ಹಾಕು ಎನ್ನುವುದು, ಹಾಕಿದರೆ ಚಾವಣಿಯಲ್ಲಿರುವ ಹೊಗೆ ಯಂತ್ರ ಬಡಿದುಕೊಂಡು ಪಕ್ಕದ ಮನೆಯವರೆಲ್ಲ ಬಾಗಿಲಿಗೆ ಬರುವುದು. ಕೊನೆಗೆ ಎಣ್ಣೆಯ ವಿಷಯದಲ್ಲಿ ಆಕೆ ಒಪ್ಪಿದರು, ಹೊಗೆಯ ವಿಷಯದಲ್ಲಿ ಅವ್ವ ಒಪ್ಪಿದರು. ಸಬ್ಬಸಿಗೆ ಸೊಪ್ಪು ಅಲ್ಲೂ ಸಿಗುತ್ತದೆ, ಅವರು ಮೀನಿಗೆ, ಸೌತೆಕಾಯಿಗೆ ಹಾಕಿ ತಿನ್ನುತ್ತಾರೆ. ನಮ್ಮ ಯಜಮಾನರು ಅದರಲ್ಲಿ ಬೆಳ್ಳುಳ್ಳಿ, ಮೆಣಸು ಹಾಕಿ ಸಾರು ಮಾಡುವುದನ್ನು ವಿಡಿಯೋ ಕರೆಯಲ್ಲಿ ಅತ್ತೆಯಿಂದಲೇ ಕಲಿತರು. ಅವರು ಈಗಲೂ ಆ ಸಾರನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ. ಇದನ್ನು ನಾನು ಅವರ ಎದುರಿಗೇ ಹೇಳುತ್ತಿದ್ದೇನೆ.

ಮೂರನೆಯ ಉತ್ತರ, ಶಿಶುವಿಹಾರ. ನಾವು ‘ಕಿಂಡರ್‌ಗಾರ್ಟನ್’ ಎನ್ನುವ ಮಾತು ಜರ್ಮನ್ ಭಾಷೆಯದು, ‘ಮಕ್ಕಳ ತೋಟ’ ಎಂದು ಅರ್ಥ. ಫ್ರೀಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣ ತಜ್ಞರು 1837ರಲ್ಲಿ ಮಕ್ಕಳ ಆಟದ ಶಾಲೆಯೊಂದನ್ನು ತೆರೆದು, 1840ರಲ್ಲಿ ಅದಕ್ಕೆ ಈ ಹೆಸರು ಕೊಟ್ಟರು. ಅಂಥ ದೇಶದಲ್ಲೂ ಒಂದು ವರ್ಷ ತುಂಬಿದ ಪ್ರತಿ ಮಗುವಿಗೂ ಶಿಶುಪಾಲನೆಯ ಜಾಗ ಕೊಡಲೇಬೇಕು ಎಂಬ ಹಕ್ಕು ಬಂದದ್ದು 2013ರ ಆಗಸ್ಟ್‌ನಲ್ಲಿ. ಹಕ್ಕಿದ್ದರೂ ಮ್ಯೂನಿಕ್‌ನಲ್ಲಿ ಜಾಗ ಸಿಗುವುದು ಸುಲಭವಲ್ಲ. ಗರ್ಭಿಣಿಯಾಗಿದ್ದಾಗಲೇ ಹತ್ತಾರು ಕಡೆ ವಿಚಾರಿಸಿ ಇಟ್ಟವರು ನಾವು.

ಅಲ್ಲಿ ಮಗುವನ್ನು ಮೊದಲ ದಿನವೇ ಬಿಟ್ಟು ಬರುವಂತಿಲ್ಲ. ಅಪ್ಪ ಅಥವಾ ಅಮ್ಮ ಜೊತೆಗೆ ಹೋಗಿ ಒಂದು ಮೂಲೆಯಲ್ಲಿ ಸುಮ್ಮನೆ ಕೂರಬೇಕು. ಮೊದಲ ಕೆಲವು ದಿನ ಒಂದೊಂದು ಗಂಟೆ. ಆಮೇಲೆ ಹತ್ತು ನಿಮಿಷ ಹೊರಗೆ ಹೋಗಿ ಬರಬೇಕು, ಮಗು ಅತ್ತು ಸುಮ್ಮನಾಯಿತೋ ಎಂದು ನೋಡುತ್ತಾರೆ. ಹೀಗೆ ಹೊಂದಿಕೊಳ್ಳಲು ಎರಡು ವಾರವೂ ಆಗಬಹುದು, ತಿಂಗಳ ಮೇಲೂ ಆಗಬಹುದು. ಮಗನ ಜೊತೆ ಹಾಗೆ ಮೂಲೆಯಲ್ಲಿ ಕೂತವರು ಅವನ ಅಪ್ಪ. ನಾನು ಆ ಹೊತ್ತಿಗೆ ಆಫೀಸಿನಲ್ಲಿದ್ದೆ. ಇವತ್ತಿಗೂ ರಾತ್ರಿ ಕೆಟ್ಟ ಕನಸು ಬಿದ್ದರೆ ಮಗ ಅಪ್ಪಾ ಎಂದು ಕೂಗುತ್ತಾನೆ. ಮೊದಮೊದಲು ಹೊಟ್ಟೆಯಲ್ಲಿ ಸಂಕಟವಾಗುತ್ತಿತ್ತು. ಈಗ ಮಗ್ಗುಲು ಬದಲಿಸಿ ನಿದ್ದೆ ಮಾಡುತ್ತೇನೆ.

ಇಷ್ಟು ಕೇಳಿ ಅಲ್ಲಿನವರು ಹುಟ್ಟುತ್ತಲೇ ಮುಂದುವರಿದವರು ಎಂದುಕೊಂಡರೆ ಅದು ತಪ್ಪಾಗುತ್ತದೆ. ಪಶ್ಚಿಮ ಜರ್ಮನಿಯ ಕಾನೂನಿನಲ್ಲಿ ಮನೆವಾರ್ತೆ ಹೆಂಡತಿಯದು, ಸಂಸಾರಕ್ಕೆ ಅಡ್ಡಿಯಾಗದಿದ್ದರೆ ಮಾತ್ರ ಆಕೆ ಹೊರಗೆ ದುಡಿಯಬಹುದು ಎಂದು ಬರೆದಿತ್ತು. ಅದನ್ನು ತೆಗೆದದ್ದು 1977ರಲ್ಲಿ. ಎಂದರೆ ನಮ್ಮ ಈ ಶಾಲೆಯ ಗಂಟೆ ಬಾರಿಸಲು ಶುರುವಾಗಿ ಎರಡು ವರ್ಷ ಆದಮೇಲೆ! ಕೆಲಸಕ್ಕೆ ಹೋಗುವ ತಾಯಿಯನ್ನು ಬೈಯಲು ಅವರ ಭಾಷೆಯಲ್ಲಿ ಒಂದು ಪದವೇ ಇದೆ. ‘ರಾಬೆನ್‌ಮುಟ್ಟರ್’ ಎನ್ನುತ್ತಾರೆ, ಕಾಗೆಯಂಥ ತಾಯಿ ಎಂದ ಹಾಗೆ, ಮರಿಗಳನ್ನು ಬಿಟ್ಟು ಹಾರಿಹೋಗುವವಳು ಎಂದು. ಈಗಲೂ ಅಲ್ಲಿ ದುಡಿಯುವ ಹೆಂಗಸರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ ಅರೆಕಾಲಿಕ ಕೆಲಸದಲ್ಲಿದ್ದಾರೆ. ಗಂಡಸರಲ್ಲಿ ಹಾಗಿಲ್ಲ. ಕಡಿಮೆ ಗಂಟೆ ದುಡಿದರೆ ಸಂಬಳ ಕಡಿಮೆ, ಮುಂದೆ ಪಿಂಚಣಿಯೂ ಕಡಿಮೆ. ಮಗಳು ಹುಟ್ಟಿದಾಗ ನನ್ನ ಜೊತೆ ಕೆಲಸ ಮಾಡುವ ಜರ್ಮನ್ ಅಕ್ಕನೊಬ್ಬರು ಕೇಳಿದರು, ‘ಇಷ್ಟು ಬೇಗ ವಾಪಸ್ ಬಂದೆಯಲ್ಲ, ಮಗುವನ್ನು ಯಾರು ನೋಡಿಕೊಳ್ಳುತ್ತಾರೆ?’ ಏಳು ಸಾವಿರ ಕಿಲೋಮೀಟರ್ ದೂರ ಹೋದರೂ ಪ್ರಶ್ನೆ ಅದೇ!

ನಾವಿಬ್ಬರೂ ಮನೆಯಲ್ಲಿ ಕೂತು ಲೆಕ್ಕ ಹಾಕಿದೆವು. ನಾನೊಬ್ಬಳೇ ಅರ್ಧ ದಿನದ ಕೆಲಸಕ್ಕೆ ಇಳಿಯುವುದೋ, ಇಬ್ಬರೂ ಸ್ವಲ್ಪ ಸ್ವಲ್ಪ ಇಳಿಯುವುದೋ? ಅಲ್ಲಿ ಹದಿನೈದಕ್ಕಿಂತ ಹೆಚ್ಚು ಜನರಿರುವ ಕಂಪನಿಯಲ್ಲಿ ಆರು ತಿಂಗಳು ಕೆಲಸ ಮಾಡಿದವರು ಗಂಟೆ ಕಡಿಮೆ ಮಾಡಿ ಎಂದು ಕೇಳಬಹುದು, ಬಲವಾದ ಕಾರಣವಿಲ್ಲದೆ ಮಾಲೀಕರು ಇಲ್ಲ ಎನ್ನುವಂತಿಲ್ಲ. ನಾವು ಇಬ್ಬರೂ ವಾರಕ್ಕೆ ನಾಲ್ಕು ದಿನ ಕೆಲಸ ಎಂದು ತೀರ್ಮಾನಿಸಿದೆವು. ಮಂಗಳವಾರ ಅವರು ಮನೆಯಲ್ಲಿ, ಗುರುವಾರ ನಾನು. ಇದರ ಬೆಲೆ ಏನೆಂದು ಹೇಳದಿದ್ದರೆ ಭಾಷಣ ಪೂರ್ತಿಯಾಗುವುದಿಲ್ಲ. ತಂಡದ ಮುಖ್ಯಸ್ಥೆಯ ಸ್ಥಾನ ಬಂದಾಗ ಅದಕ್ಕೆ ಐದು ದಿನವೂ ಬೇಕು ಎಂದರು, ನಾನು ಬೇಡ ಎಂದೆ. ಅವರಿಗೂ ಬಡ್ತಿ ತಡವಾಯಿತು. ಮ್ಯೂನಿಕ್‌ನಲ್ಲಿ ಸ್ವಂತ ಮನೆಯ ಮಾತು ಬಿಟ್ಟೆವು, ಬಾಡಿಗೆ ಮನೆಯಲ್ಲೇ ಇದ್ದೇವೆ. ಕಾರಿಗೆ ಸಾಫ್ಟ್‌ವೇರ್ ಬರೆಯುವ ನನ್ನ ಹತ್ತಿರ ಕಾರಿಲ್ಲ. ಎರಡು ಸೈಕಲ್ ಇವೆ, ಒಂದರ ಹಿಂದೆ ಮಕ್ಕಳನ್ನು ಕೂರಿಸುವ ಗಾಡಿ ಸಿಕ್ಕಿಸಿಕೊಂಡು ಮಳೆ ಚಳಿಯಲ್ಲೂ ಓಡಾಡುತ್ತೇವೆ.

ಮನೆಗೆಲಸದವರು ಇಲ್ಲ. ಶನಿವಾರ ಬೆಳಗ್ಗೆ ನಾಲ್ವರೂ ಪೊರಕೆ, ಬಟ್ಟೆ ಹಿಡಿಯುತ್ತೇವೆ, ನಾಲ್ಕು ವರ್ಷದ ಮಗ ಕಾಲುಚೀಲಗಳನ್ನು ಜೋಡಿ ಮಾಡುತ್ತಾನೆ. ಅಲ್ಲಿ ರಾತ್ರಿ 8ಕ್ಕೆ ಅಂಗಡಿ ಮುಚ್ಚುತ್ತವೆ, ಭಾನುವಾರ ತೆಗೆಯುವುದೇ ಇಲ್ಲ. ಬರೀ ಉಪ್ಪು ಮರೆತರೂ ಸೋಮವಾರದವರೆಗೆ ಪಕ್ಕದ ಮನೆಯವರೇ ಗತಿ. ಮಕ್ಕಳಿಗೆ ಮಧ್ಯಾಹ್ನ ಶಿಶುವಿಹಾರದಲ್ಲಿ, ಶಾಲೆಯಲ್ಲಿ ಬಿಸಿಯೂಟ ಆಗಿರುತ್ತದೆ. ಹಾಗಾಗಿ ವಾರದ ರಾತ್ರಿಗಳಲ್ಲಿ ಅಲ್ಲಿನವರಂತೆ ನಾವೂ ಬ್ರೆಡ್ಡು, ಗಿಣ್ಣು, ಹಸಿ ತರಕಾರಿ ತಿಂದು ಮಲಗುತ್ತೇವೆ. ದಿನಾ ಅನ್ನ ಸಾರು ಮಾಡುವುದಿಲ್ಲ ಎಂದು ಕೇಳಿ ನಮ್ಮ ಅತ್ತೆಗೆ ಬೇಸರವಿತ್ತು. ‘ಒಲೆ ಹಚ್ಚದ ಮನೆ ಮನೆಯಾ?’ ಎಂದರು. ಆ ಒಂದು ಗಂಟೆಯಲ್ಲಿ ನಾನು ಮಗಳಿಗೆ ಕನ್ನಡ ಓದಿಸುತ್ತೇನೆ ಎಂದು ಹೇಳಿದ ಮೇಲೆ ಸುಮ್ಮನಾದರು. ಭಾನುವಾರ ಮಾತ್ರ ಮುದ್ದೆ, ಸೊಪ್ಪಿನ ಸಾರು ತಪ್ಪುವುದಿಲ್ಲ. ಮಗಳಿಗೆ ಮುದ್ದೆ ನುಂಗುವುದು ಬರುತ್ತದೆ, ಮಗ ಇನ್ನೂ ಅಗಿಯುತ್ತಾನೆ.

ಮಗುವಿಗೆ ಜ್ವರ ಬಂದರೆ ಏನು ಮಾಡುತ್ತೀಯ ಎಂದು ನಮ್ಮ ಎದುರು ಮನೆಯ ದೊಡ್ಡಮ್ಮ ಕೇಳಿದರು. ಆಗಿನ ಚಿಂತೆಯೇ ದೊಡ್ಡದು, ಏಕೆಂದರೆ ‘ಸ್ವಲ್ಪ ನೋಡ್ಕೊಳ್ಳವ್ವ’ ಎನ್ನಲು ಅಜ್ಜಿ ಪಕ್ಕದಲ್ಲಿಲ್ಲ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಇರುವವರಿಗೆ 2025ರಲ್ಲಿ ಒಂದು ಮಗುವಿಗೆ ವರ್ಷಕ್ಕೆ ಅಪ್ಪನಿಗೆ 15 ದಿನ, ಅಮ್ಮನಿಗೆ 15 ದಿನ ರಜೆ ಇದೆ, ಸಂಬಳದ ಹೆಚ್ಚಿನ ಪಾಲು ವಿಮೆಯಿಂದ ಬರುತ್ತದೆ. ಅಜ್ಜ ಅಜ್ಜಿ ಪ್ರವಾಸಿ ವೀಸಾದ ಮೇಲೆ ಬಂದರೆ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಮೊಮ್ಮಗುವಿಗೆ ಅಜ್ಜಿಯ ಮೈ ವಾಸನೆ ಒಗ್ಗುವ ಹೊತ್ತಿಗೆ ವಿಮಾನದ ದಿನ ಬಂದಿರುತ್ತದೆ.

ಇನ್ನು ನಾಲ್ಕನೆಯ ಉತ್ತರ. ಇದನ್ನು ಹೇಳಲೆಂದೇ ನಾನು ಈ ವಿಷಯ ಒಪ್ಪಿಕೊಂಡೆ.

2022ರಲ್ಲಿ ನಮ್ಮ ಅಪ್ಪನಿಗೆ ಲಕ್ವ ಹೊಡೆಯಿತು. ಬಲಗಡೆ ಸ್ವಾಧೀನ ತಪ್ಪಿತು. ನಾನು ಬಂದು ಮೂರು ವಾರ ಇದ್ದು ವಾಪಸ್ ಹೋದೆ. ಅವ್ವನಿಗೆ ಮಂಡಿನೋವು, ಅಪ್ಪನನ್ನು ಎತ್ತಿ ಕೂರಿಸಲು ಆಗುವುದಿಲ್ಲ. ಆಗ ಅಪ್ಪನನ್ನು ನೋಡಿಕೊಂಡವಳು ನನ್ನ ತಮ್ಮನ ಹೆಂಡತಿ. ಅವಳು ಗಾರ್ಮೆಂಟ್ಸ್‌ಗೆ ಹೋಗುತ್ತಿದ್ದಳು. ಬೆಳಗ್ಗೆ ಏಳಕ್ಕೆ ವ್ಯಾನು ಹತ್ತಿದರೆ ಸಂಜೆ ಏಳಕ್ಕೆ ಇಳಿಯುತ್ತಿದ್ದಳು. ಹೊಲಿಗೆಯಲ್ಲಿ ಅವಳ ಕೈ ಚುರುಕು, ಸೂಪರ್‌ವೈಸರ್ ಆಗುವ ಮಾತು ನಡೆದಿತ್ತು. ಅಪ್ಪ ಬಿದ್ದ ವಾರವೇ ಅವಳು ಕೆಲಸ ಬಿಟ್ಟಳು. ಬಿಡು ಎಂದು ಯಾರೂ ಹೇಳಲಿಲ್ಲ, ಬಿಡಬೇಡ ಎಂದೂ ಯಾರೂ ಹೇಳಲಿಲ್ಲ. ಊರಿನಲ್ಲಿ ಅದು ಒಂದು ಸುದ್ದಿಯೂ ಆಗಲಿಲ್ಲ. ಜರ್ಮನಿಯಲ್ಲಿ ನಾನು ಸಂಜೆಯ ಮೀಟಿಂಗಿನಲ್ಲಿ ಕೂತಿದ್ದಾಗ ನನ್ನ ಅಪ್ಪನ ಬಾಯಿಗೆ ಗಂಜಿ ಹಾಕುತ್ತಿದ್ದವಳು ಅವಳು. ನನ್ನ ಕೆಲಸದ ಬುಡದಲ್ಲಿ ಅವಳ ಕೆಲಸ ಗೊಬ್ಬರವಾಯಿತು. ನನಗೆ ಸನ್ಮಾನ ಮಾಡಿ ಈ ಶಾಲು ಹೊದಿಸಿದ್ದೀರಿ. ಇದರಲ್ಲಿ ಅರ್ಧ ಅವಳದು ಎಂದು ಬಾಯಿಮಾತಿಗೆ ಹೇಳಿದರೆ ಅವಳಿಗೆ ಏನು ಬಂತು?

ಒಂದು ದಿನ ಫೋನಿನಲ್ಲಿ ಅವಳೇ ಕೇಳಿದಳು, ‘ಅಕ್ಕ, ನಿಮಗೆ ಮಗು ಹುಟ್ಟಿದಾಗ ರಜೆ ಕೊಟ್ಟು ಕೆಲಸ ಹಾಗೇ ಇಟ್ಟಿದ್ದರಲ್ಲ, ನನಗೆ ಯಾರು ಇಡುತ್ತಾರೆ?’ ಅವಳು ಸಿಟ್ಟಿನಿಂದ ಕೇಳಲಿಲ್ಲ, ಸುಮ್ಮನೆ ತಿಳಿದುಕೊಳ್ಳಲು ಕೇಳಿದಳು. ಆ ರಾತ್ರಿಯೇ ತಮ್ಮನ ಜೊತೆ ಕೂತು ಮಾತನಾಡಿದೆವು. ಹಗಲು ಅಪ್ಪನನ್ನು ನೋಡಿಕೊಳ್ಳಲು ಪಕ್ಕದ ಬೀದಿಯ ಒಬ್ಬರನ್ನು ತಿಂಗಳ ಸಂಬಳಕ್ಕೆ ಗೊತ್ತು ಮಾಡಿದೆವು. ಗಾರ್ಮೆಂಟ್ಸಿನಲ್ಲಿ ಅವಳು ಪಡೆಯುತ್ತಿದ್ದುದಕ್ಕಿಂತ ಒಂದು ರೂಪಾಯಿ ಕಡಿಮೆ ಇಲ್ಲ. ಆ ಖರ್ಚು ನಮ್ಮದು. ಬೆಳಗ್ಗೆ ಅಪ್ಪನ ಸ್ನಾನ, ರಾತ್ರಿ ಔಷಧಿ ತಮ್ಮನದು. ಹನ್ನೊಂದು ತಿಂಗಳಾದ ಮೇಲೆ ಅವಳು ಮತ್ತೆ ವ್ಯಾನು ಹತ್ತಿದಳು. ಹಳೆಯ ಸ್ಥಾನ ಸಿಗಲಿಲ್ಲ, ಮೊದಲಿನಿಂದ ಶುರು ಮಾಡಬೇಕಾಯಿತು. ಆದರೆ ಅವಳ ದುಡಿಮೆ ಅವಳ ಬ್ಯಾಂಕಿನ ಪುಸ್ತಕದಲ್ಲಿದೆ. ಇವತ್ತು ರಜೆ ಹಾಕಿ ಇಲ್ಲಿಗೂ ಬಂದಿದ್ದಾಳೆ.

ಹಾಗಾದರೆ ದುಡಿಯುವ ತಾಯಿ ಎಂದರೆ ವಿಮಾನ ಹತ್ತಿದವಳು ಮಾತ್ರವಲ್ಲ. ಬೆಳಗ್ಗೆ ಗಾರ್ಮೆಂಟ್ಸ್ ವ್ಯಾನು ಹತ್ತುವವರು, ನಾಟಿಗೆ, ಕಳೆಗೆ, ಉದ್ಯೋಗ ಖಾತರಿಗೆ ಹೋಗುವವರು ನಮ್ಮೂರಲ್ಲಿ ನೂರಾರು ಜನ ಇದ್ದಾರೆ. ಅವರ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಈ ಪ್ರಶ್ನೆಯನ್ನು ನಾವು ಅವರಿಗೆ ಕೇಳುವುದೇ ಇಲ್ಲ, ಏಕೆಂದರೆ ಉತ್ತರ ನಮಗೆ ಗೊತ್ತು. ಅಜ್ಜಿ ಇದ್ದರೆ ಅಜ್ಜಿ. ಅಜ್ಜಿಗೆ ಕೈಲಾಗದಿದ್ದರೆ ಅಕ್ಕ. ಆ ಅಕ್ಕ ಎಲ್ಲಿದ್ದಾಳೆ? ಇದೇ ಶಾಲೆಯ ಎಂಟನೆಯ, ಒಂಬತ್ತನೆಯ ತರಗತಿಯಲ್ಲಿದ್ದಾಳೆ. ನಮ್ಮ ತರಗತಿಯಲ್ಲಿ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದ ಹುಡುಗಿಯೊಬ್ಬಳಿದ್ದಳು. ಒಂಬತ್ತನೆಯ ತರಗತಿಯಲ್ಲಿ ವಾರಕ್ಕೆ ಎರಡು ದಿನ ತಪ್ಪಿಸತೊಡಗಿದಳು, ಆಮೇಲೆ ನಾಲ್ಕು ದಿನ, ಆಮೇಲೆ ಬರಲೇ ಇಲ್ಲ. ಅವ್ವ ಕೂಲಿಗೆ ಹೋಗುವಾಗ ಎಳೆಯ ತಮ್ಮನನ್ನು ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಮೇಷ್ಟ್ರು ಅವಳ ಮನೆಗೂ ಹೋಗಿದ್ದರು. ಬುದ್ಧಿಮಾತು ಹೇಳಲು ಅವರಿಗೆ ಬರುತ್ತಿತ್ತು, ಮಗು ಹಿಡಿದುಕೊಳ್ಳಲು ಒಬ್ಬರನ್ನು ಕೊಡಲು ಅವರ ಕೈಲಿ ಆಗಲಿಲ್ಲ. ಜರ್ಮನಿಯಲ್ಲಿ ಆ ಕೆಲಸಕ್ಕೆ ಸರ್ಕಾರ ಮನೆ ಕಟ್ಟಿಸಿ, ಶಿಕ್ಷಕಿಯರನ್ನಿಟ್ಟು ನಡೆಸುವುದನ್ನು ನೋಡುವಾಗೆಲ್ಲ ನನಗೆ ಅವಳ ನೆನಪಾಗುತ್ತದೆ.

ಹಾಗೆಂದು ಎಲ್ಲವನ್ನೂ ಅಲ್ಲಿಂದ ತರಬೇಕಿಲ್ಲ. ನಮ್ಮ ಅಂಗನವಾಡಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು, ನಮ್ಮ ಶಾಲೆ ಶುರುವಾದ ವರ್ಷವೇ. ಕರ್ನಾಟಕದಲ್ಲಿ ಮೊದಲು ಅದನ್ನು ನೋಡಿದ್ದು ನಮ್ಮ ಪಕ್ಕದ ತಿರುಮಕೂಡಲು ನರಸೀಪುರ ತಾಲೂಕು. ಶಾಲೆಗೂ ಅಂಗನವಾಡಿಗೂ ಒಂದೇ ವಯಸ್ಸು, ಇಬ್ಬರಿಗೂ ಇದು ಸುವರ್ಣ ವರ್ಷ. ಒಂದೂವರೆ ದಶಕ ಹಿಂದಿನವರೆಗೂ ಜರ್ಮನಿಯ ಹಲವು ಹಳ್ಳಿಗಳಲ್ಲಿ ಮೂರು ವರ್ಷದೊಳಗಿನ ಮಕ್ಕಳಿಗೆ ಜಾಗವಿರಲಿಲ್ಲ. ನಮ್ಮಲ್ಲಿ ಊರೂರಿಗೂ ಅಂಗನವಾಡಿ ಇದೆ, ಮೊಟ್ಟೆ ಇದೆ, ತೂಕ ನೋಡುವ ತಕ್ಕಡಿ ಇದೆ. ಈಚೆಗೆ ಕೂಲಿಗೆ ಹೋಗುವವರ ಎಳೆಯ ಮಕ್ಕಳಿಗಾಗಿ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ಗಳೂ ಬಂದಿವೆ. ಕೊರತೆ ಇರುವುದು ಹೊತ್ತಿನಲ್ಲಿ. ಅಂಗನವಾಡಿ ಸಂಜೆ ನಾಲ್ಕಕ್ಕೆ ಬಾಗಿಲು ಹಾಕುತ್ತದೆ, ಗಾರ್ಮೆಂಟ್ಸ್ ವ್ಯಾನು ಬರುವುದು ಏಳಕ್ಕೆ. ನಡುವಿನ ಆ ಮೂರು ಗಂಟೆ ಯಾರದು? ಅದೇ ಒಂಬತ್ತನೆಯ ತರಗತಿಯ ಅಕ್ಕನದು.

ಹಳೆಯ ವಿದ್ಯಾರ್ಥಿಗಳಲ್ಲಿ ನನ್ನದೊಂದು ಬೇಡಿಕೆ. ಸುವರ್ಣ ಮಹೋತ್ಸವದ ನೆನಪಿಗೆ ಕಮಾನು ಕಟ್ಟಿಸುವ ಮಾತು ನಡೆಯುತ್ತಿದೆ ಎಂದು ಕೇಳಿದೆ. ಕಮಾನು ಇರಲಿ. ಅದರ ಜೊತೆಗೆ ಸಂಜೆ ನಾಲ್ಕರಿಂದ ಏಳರವರೆಗೆ ಚಿಕ್ಕ ಮಕ್ಕಳು ಇರಲು ಒಂದು ಕೋಣೆ, ಇಬ್ಬರು ಸಂಬಳದ ಆಯಾಗಳು, ಒಂದಷ್ಟು ಚಾಪೆ, ಆಟದ ಸಾಮಾನು, ಹಾಲು ಇವುಗಳ ವ್ಯವಸ್ಥೆ ಮಾಡೋಣ. ಪಂಚಾಯಿತಿಯವರು ಜಾಗ ಕೊಟ್ಟರೆ ಒಬ್ಬ ಆಯಾ ಅವರ ಮೂರು ವರ್ಷದ ಸಂಬಳ ನಮ್ಮ ಮನೆಯದು. ಇದನ್ನು ಸಭೆಯ ಮುಂದೆ ಹೇಳಿದ್ದೇನೆ, ಸಂಚಿಕೆಯಲ್ಲೂ ಅಚ್ಚಾಗಲಿ, ನನಗೂ ತಪ್ಪಿಸಿಕೊಳ್ಳಲು ಆಗದಿರಲಿ.

ಗಂಡು ಮಕ್ಕಳೇ, ನಿಮಗೊಂದು ಮಾತು. ಅನ್ನ ಮಾಡುವುದು, ಮಗುವಿನ ಬಟ್ಟೆ ಬದಲಿಸುವುದು, ತಂಗಿಯ ತಲೆ ಬಾಚುವುದು ಕಲಿಯಿರಿ. ಎಸ್ಸೆಸ್ಸೆಲ್ಸಿಯಲ್ಲಿ ಅದಕ್ಕೆ ಅಂಕ ಇಲ್ಲ, ಮುಂದೆ ನಿಮ್ಮ ಸಂಸಾರದಲ್ಲಿ ಇದೆ.

ಹೆಣ್ಣು ಮಕ್ಕಳೇ, ಓದಿ. ವಿದೇಶಕ್ಕೇ ಹೋಗಬೇಕು ಎಂದು ನಾನು ಹೇಳುವುದಿಲ್ಲ, ಊರಲ್ಲೇ ಇರಿ ಎಂದೂ ಹೇಳುವುದಿಲ್ಲ. ಎಲ್ಲಿದ್ದರೂ ನಿಮ್ಮ ಕೆಲಸ ನಿಮ್ಮೊಬ್ಬರ ಧೈರ್ಯದ ಮೇಲೆ ನಿಲ್ಲುವುದಿಲ್ಲ, ನಾಲ್ಕು ಜನರ ಹೆಗಲ ಮೇಲೆ ನಿಲ್ಲುತ್ತದೆ. ಆ ಹೆಗಲು ಯಾರದು ಎಂದು ನೋಡಿಕೊಳ್ಳಿ, ಅದಕ್ಕೂ ನೋವಾಗುತ್ತದೆ ಎಂದು ನೆನಪಿಡಿ. ಮದುವೆಯ ಮಾತುಕತೆಗೆ ಬಂದವರನ್ನು ಸಂಬಳ ಎಷ್ಟು ಎಂದು ಕೇಳುವಾಗ, ಮುಂದೆ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ ಎಂದೂ ಕೇಳಿ. ಕೇಳಬೇಕಾದ ಹೊತ್ತಿನಲ್ಲಿ ಕೇಳಿದರೆ ಅದಕ್ಕಿಂತ ಒಳ್ಳೆಯ ಪ್ರಶ್ನೆ ಇನ್ನೊಂದಿಲ್ಲ.